ಲಾಕ್ ಹೇವನ್ನಿನಲ್ಲಿ ಒಂದು ಜೀರ್ಣೋದ್ಧಾರ

ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ, ಸಸ್ಕ್ವಿಹಾನ ನದಿಯ ಪಶ್ಚಿಮ ಶಾಖೆಯ ತೀರದಲ್ಲಿ, ಲಾಕ್ ಹೇವನ್ ಎಂಬ ಸಣ್ಣ ಪಟ್ಟಣವೊಂದಿರುವುದು. ಸುತ್ತಲೂ ಕಾಡು ಕವಿದ ಬೆಟ್ಟಸಾಲು, ನಡುವೆ ಹೊಳೆ, ಹೊಳೆಯ ಮಗ್ಗುಲಲ್ಲಿಯೇ ವಿಮಾನನಿಲ್ದಾಣ. ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ದಿಮ್ಮಿಗಳನ್ನು ನೀರಿನಲ್ಲಿ ತೇಲಿಸಿಕೊಂಡು ಬರುತ್ತಿದ್ದವರಿಗೆ ತಂಗುದಾಣವಾಗಿದ್ದ ಈ ಊರಿಗೆ ಆಮೇಲೆ ಹೆಸರು ಬಂದುದು ಹಳದಿ ಬಣ್ಣದ ಪುಟ್ಟದೊಂದು ವಿಮಾನದಿಂದ. ಆ ಪ್ರಾಂತದಲ್ಲಿ ನೆಲೆಸಿರುವ ಮಗನ ಮನೆಗೆ ಹೋಗಿದ್ದ ನಾವು ಕಳೆದ ಬೇಸಗೆಯಲ್ಲಿ ಎರಡು ಸಲ ಅಲ್ಲಿಗೆ ಹೋಗಿಬಂದೆವು.

ಎಣ್ಣೆಬಾವಿಗಳ ವ್ಯಾಪಾರದಲ್ಲಿದ್ದ ವಿಲಿಯಂ ಪೈಪರ್ ಎಂಬವರು ಬ್ರಾಡ್‌ಫರ್ಡಿನಲ್ಲಿ ನಡೆಸುತ್ತಿದ್ದ ವಿಮಾನದ ಕಾರ್ಖಾನೆಯು 1937ರಲ್ಲಿ ಬೆಂಕಿಗೆ ಆಹುತಿಯಾಗಲು, ಅವರು ಇಲ್ಲಿ ಬರಿದಾಗಿ ಬಿದ್ದಿದ್ದ ರೇಷ್ಮೆಯ ಗಿರಣಿಯೊಂದನ್ನು ಹಿಡಿದು ಕೆಲಸವನ್ನು ಮುಂದುವರಿಸಿದರು. ಮುಂದಿನ ಹತ್ತು ವರ್ಷಗಳಲ್ಲಿ 'ಕಬ್', ಎಂದರೆ ಮರಿ, ಎಂಬ ಹೆಸರಿನ ವಿಮಾನಗಳು ಸುಮಾರು 20,000 ಹೊರಬಿದ್ದುವು. ಒಬ್ಬರ ಹಿಂದೊಬ್ಬರಂತೆ ಇಬ್ಬರು ಕುಳ್ಳಿರಬಹುದಾದ, 65 ಅಶ್ವಶಕ್ತಿಯ ಈ ಮರಿಯಲ್ಲಿಯೇ ಎರಡನೆಯ ಮಹಾಯುದ್ಧದ ಕಾಲದ ಸಾವಿರಾರು ತರುಣರು ಹಾರಲು ಕಲಿತರಂತೆ. 1972ರ ಪ್ರವಾಹವು ಕಾರ್ಖಾನೆಯನ್ನು ಮುಳುಗಿಸಿತು. 1984ರಲ್ಲಿ ಅದರ ಬಾಗಿಲು ಮುಚ್ಚಿತು. ಹಳೆಯ ಕಟ್ಟಡವೊಂದರಲ್ಲಿ ಈಗ ವಸ್ತುಸಂಗ್ರಹಾಲಯವಿದೆ. ಅದು ನೋಡತಕ್ಕದ್ದೇ. ಆದರೆ ನಾವು ಹೇಳಹೊರಟಿರುವುದು ಊರ ಹೊರಗಿನ ಒಂದು ಕೊಟ್ಟಿಗೆಯ ವಿಚಾರವನ್ನು.

ಆ ಕೊಟ್ಟಿಗೆಯ ಯಜಮಾನರು ಎಪ್ಪತ್ತನ್ನು ದಾಟಿದವರು, ಮಿತಭಾಷಿಗಳು. ಅವರ ತಂದೆಯ ಕಾಲದ ಕಬ್ ವಿಮಾನವು ಬಟ್ಟೆಯನ್ನೆಲ್ಲ ಕಳಚಿಕೊಂಡು, ರೆಕ್ಕೆಗಳನ್ನು ಬಿಚ್ಚಿಸಿಕೊಂಡು, ಬರಿಯ ಉಕ್ಕಿನ ಪಂಜರವಾಗಿ ಮರದ ಕುದುರೆಗಳ ಮೇಲೆ ನಿಂತಿದ್ದಿತು. ನಮ್ಮ ಕಿರುಬೆರಳಿಗಿಂತ ಸ್ವಲ್ಪ ದಪ್ಪನಾದ ಕೊಳವೆಗಳು. ಉದ್ದಕ್ಕೆ ನಾಲ್ಕು, ಅವುಗಳ ನಡುವೆ ಓರೆಯಾಗಿ ಹಲವು. ಒಟ್ಟಿನಲ್ಲಿ ಸೌದೆಯ ಹಂದರದಂತೆ ಕಾಣುವುದು. ಇದರ ಮೇಲೆ ಬಟ್ಟೆಯನ್ನು ಬಿಗಿದು ಮೆರುಗು ಬಳಿದರೆ ವಿಮಾನದ ಒಡಲಾಯಿತು. ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ 'ಪುಷ್ಪಕ'ದ ಒಡಲೂ ಈ ಬಗೆಯದೇ. ಬಾಲ್ಯದಲ್ಲಿ ಜಕ್ಕೂರಿನ ಬಯಲಿನ ಮೇಲೆ ಅದು ಹಾರುವುದನ್ನು ಕತ್ತೆತ್ತಿ ನೋಡಿದ್ದೆವು. ಅದರ ಒಳಗೆ ಇರುವುದು ಇಷ್ಟೇ ಎಂದು ಆಗ ತಿಳಿದಿರಲಿಲ್ಲ.

ಉಕ್ಕಿಗೆ ಶತ್ರು ತುಕ್ಕು. ಹೊರಗಿನ ತುಕ್ಕು ಕಣ್ಣಿಗೆ ಬೀಳುವುದರಿಂದ ಅದಕ್ಕೆ ಮದ್ದುಂಟು. ಒಳಗಿನದೇ ಕಷ್ಟ. ಈ ವಿಮಾನವು ನೆಲದ ಮೇಲೆ ಬಾಲವನ್ನು ತಗ್ಗಿಸಿ ನಿಲ್ಲುವುದಷ್ಟೆ? ಒಳಗೆ ಸೇರಿದ ನೀರೆಲ್ಲವೂ ಇಳಿದಿಳಿದು ಬಾಲದ ಬಳಿಯ ಕೆಳಗಿನ ಕೊಳವೆಗಳಲ್ಲಿ ನಿಲ್ಲುವುದು. ಕೊಳವೆಯ ಗೋಡೆಯ ದಪ್ಪವು ಒಂದು ಮಿಲಿಮೀಟರಿಗೂ ಕಡಿಮೆ. ಸಾಲದುದಕ್ಕೆ ಬಟ್ಟೆಯ ಮರೆಯಲ್ಲಿ ಇಲಿಗಳು ಗೂಡುಕಟ್ಟುವುವು. ಅವುಗಳ ಮೂತ್ರವು ಉಕ್ಕನ್ನು ತಿನ್ನುವುದು. ಗಣೇಶನ ವಾಹನವು ವಿಮಾನವನ್ನೂ ಬಿಡಲೊಲ್ಲದು!

ಕೆಳಗಿನ ಎಡಗೊಳವೆಯ ಮೇಲೆ ಒಂದೆಡೆ ಅಂದವಾದ ಹಳೆಯ ಬೆಸುಗೆಯೊಂದಿದ್ದಿತು. ಎಂದೋ ಒಮ್ಮೆ ವಿಮಾನವು ಗುಂಡಿಗೆ ಇಳಿದಾಗ ತಮ್ಮ ತಂದೆಯೇ ಹಾಕಿದುದೆಂದು ಯಜಮಾನರು ಹೇಳಿದರು. "ಇದಂತೂ ಗಟ್ಟಿಯಾಗಿಯೇ ಇರುವುದಲ್ಲವೆ?" ಎಂದೆವು. ಅವರು ಮಾತನಾಡದೆ ಒಂದು ಚೂಪಾದ ದಬ್ಬಳವನ್ನು ನಮ್ಮ ಕೈಗಿತ್ತರು. ಬೆಸುಗೆಯಿಂದ ನಾಲ್ಕು ಬೆರಳು ಹಿಂದೆ ಒತ್ತಿದೆವು, ಏನೂ ಆಗಲಿಲ್ಲ. ಇನ್ನೂ ಸ್ವಲ್ಪ ಹಿಂದೆ ಒತ್ತಲು ದಬ್ಬಳವು ಹಪ್ಪಳವನ್ನು ಚುಚ್ಚಿದಂತೆ ಒಳಕ್ಕೆ ಹೋಯಿತು. ಮಾಡಬಾರದುದನ್ನು ಮಾಡಿದವರಂತೆ ನಾವು ಕೈಯನ್ನು ಹಿಂದಕ್ಕೆ ತೆಗೆದುಕೊಂಡೆವು. ಅವರು ಬಹಳ ಹೊತ್ತು ಆ ತೂತನ್ನೇ ನೋಡುತ್ತಿದ್ದರು. ಆಮೇಲೆ ಸೀಮೆಸುಣ್ಣದಿಂದ ಅತ್ತಿತ್ತ ಎರಡು ಗೆರೆಗಳನ್ನೆಳೆದರು; ತಂದೆಯ ಬೆಸುಗೆ ಆ ಗೆರೆಗಳ ನಡುವೆ ಬಿದ್ದಿತು. ಹಳೆಯ ಬೆಸುಗೆಯ ಮೇಲೆ ಹೊಸ ಬೆಸುಗೆಯನ್ನು ಹಾಕಕೂಡದಂತೆ. ಆದುದರಿಂದ ಅದೂ ಹೋಗಲೇಬೇಕು. ಬರುವ ವರ್ಷ ಮೊಮ್ಮಗಳು ಇದೇ ವಿಮಾನದಲ್ಲಿ ಮೊದಲನೆಯ ಸಲ ಒಬ್ಬಳೇ ಹಾರಬೇಕೆಂದಿರುವಳೆಂಬುದು ನಮಗೆ ಅಂದು ಊಟದ ಹೊತ್ತಿಗೆ ತಿಳಿಯಿತು.

ಮೂರು ವಾರಗಳ ತರುವಾಯ ಮತ್ತೆ ಹೋದೆವು. ಪಂಜರವನ್ನು ಗಟ್ಟಿಯಾದ ಚೌಕಟ್ಟಿಗೆ ಬಿಗಿದಿದ್ದರು. ಬಿಗಿಯದಿದ್ದರೆ ಬೆಸುಗೆಯ ಕಾವು ಆರುವಾಗ ಉಕ್ಕು ಕುಗ್ಗಿ ಬಾಲವೇ ಸೊಟ್ಟಗಾಗುವುದು. ಕೆಟ್ಟ ಭಾಗವನ್ನು ಕತ್ತರಿಸಿ, ಕ್ರೋಮಿಯಂ ಮಾಲಿಬ್ಡಿನಂ ಬೆರೆತ ಉಕ್ಕಿನ ಹೊಸ ಕೊಳವೆಯನ್ನು ಇಟ್ಟಿದ್ದರು. ಹೊಸದಕ್ಕೂ ಹಳೆಯದಕ್ಕೂ ಒಳಗೆ ಒಂದು ತೋಳು. ಸೇರುವೆಯನ್ನು ನೇರವಾಗಿ ಕೊಯ್ಯದೆ 30 ಅಂಶಗಳಷ್ಟು ಓರೆಯಾಗಿ ಕೊಯ್ದಿದ್ದರು. ಓರೆಯಾದರೆ ಬೆಸುಗೆಯ ಉದ್ದ ಹೆಚ್ಚುವುದು, ಭಾರವು ಒಂದೇ ಗೆರೆಯ ಮೇಲೆ ಬೀಳದು. ಸರಕಾರದ ಪರವಾನಗಿಯುಳ್ಳ ಪರೀಕ್ಷಕರು ಬಂದು ನೋಡಿ ಒಪ್ಪಿದ್ದರಂತೆ.

ತರ್ಕವನ್ನು ಓದಿದವರಿಗೆ ಸುಮ್ಮನಿರಲಾಗದು. ಅಂದು ಅಲ್ಲಿ ಕಂಡ ದೇವದತ್ತನೇ ಇಂದು ಇಲ್ಲಿರುವವನು ಎಂದು ಗುರುತಿಸುವ ಬಗೆ ಹೇಗೆಂದು ಗುರುಗಳು ನಮ್ಮನ್ನು ಗಂಟೆಗಟ್ಟಲೆ ಕಾಡಿದ್ದರು. ಕೊಳವೆಗಳನ್ನು ಹೀಗೆ ಒಂದೊಂದಾಗಿ ಬದಲಾಯಿಸುತ್ತ ಹೋದರೆ ಇದು ಅದೇ ವಿಮಾನವೆ ಎಂದು ಕೇಳಿದೆವು. ಅವರು ನಕ್ಕು, ಸಂಖ್ಯೆಯನ್ನು ಕೊರೆದಿದ್ದ ಅಂಗೈಗಿಂತ ಚಿಕ್ಕದಾದ ತಗಡನ್ನು ತೋರಿಸಿದರು. "ಸರಕಾರಕ್ಕೆ ಇಷ್ಟು ಸಾಕು" ಎಂದರು. ನಿಮಗೆ ಸಾಕೆ ಎಂದು ನಾವು ಕೇಳಲಿಲ್ಲ.

ಅಂದಿನ ಕೆಲಸ ಎಣ್ಣೆಯದು. ಕೊಳವೆಗೆ ಸಣ್ಣ ರಂಧ್ರವನ್ನು ಕೊರೆದು, ಕಾಯಿಸಿದ ಅಗಸೆಯ ಎಣ್ಣೆಯನ್ನು ಹೊಯ್ದು, ಪಂಜರವನ್ನು ಅತ್ತಿತ್ತ ಹೊರಳಿಸಿ, ಹೆಚ್ಚಿನದನ್ನು ಬಸಿದು ತೆಗೆಯುವುದು. ಬಳಿಕ ರಂಧ್ರಕ್ಕೆ ಮೊಳೆಯನ್ನು ಹೊಡೆದು ಮುಚ್ಚುವುದು. ಮೇಲೆ ಬಟ್ಟೆ ಬಂದ ತರುವಾಯ ಈ ಕೆಲಸವನ್ನು ಯಾರೂ ಕಾಣರು. "ನಮ್ಮ ತಂದೆಯವರ ಕೈಬೆಸುಗೆ ನನ್ನದಕ್ಕಿಂತ ಚೆನ್ನ. ಎಣ್ಣೆಯನ್ನು ಮಾತ್ರ ಹೊಯ್ಯಲಿಲ್ಲ" ಎಂದರು ಯಜಮಾನರು. ಮೊಮ್ಮಗಳು ತಗಡಿನ ಡಬ್ಬಿಯನ್ನು ಹಿಡಿದು ಬಾಲದ ಕೆಳಗೆ ಕುಳಿತಿದ್ದಳು. ಎಣ್ಣೆಯು ಅದರೊಳಕ್ಕೆ ತೊಟ್ಟುತೊಟ್ಟಾಗಿ ಇಳಿಯುತ್ತಿತ್ತು. ಕಿಟಕಿಯ ಹಲಗೆಯ ಮೇಲೆ, ಹಳೆಯ ಬೆಸುಗೆಯಿದ್ದ ಗೇಣುದ್ದದ ತುಂಡು. ಒಳಗೂ ಹೊರಗೂ ಅದಕ್ಕೆ ಎಣ್ಣೆಯನ್ನು ಸವರಿ ಇಟ್ಟಿದ್ದರು.