ಅವ್ವನ ವಾಕಿಂಗು



ಇವತ್ತು ಬೆಳಿಗ್ಗೆ ಆಫೀಸಿಗೆ ಹೊರಡೋ ಅವಸರದಲ್ಲಿ ಮೊಬೈಲ್ ತೆರೆದರೆ ಫೇಸ್‌ಬುಕ್ ನನ್ನದೇ ಹಳೇ ಪೋಸ್ಟೊಂದನ್ನ ಎದುರಿಗೆ ತಂದಿಟ್ಟಿತ್ತು. 2020ರ ಏಪ್ರಿಲ್ ತಿಂಗಳದ್ದು. ನಿಮ್ಮಲ್ಲಿ ಕೆಲವರು ಅದಕ್ಕೆ ಲೈಕ್ ಒತ್ತಿದ್ದೀರಿ, ಕೆಲವರು ಶೇರ್ ಮಾಡಿದ್ದೀರಿ. ಓದಿ ನನಗೆ ನಾಚಿಕೆ ಆಯ್ತು. ಯಾಕೆ ಅಂತ ಹೇಳಬೇಕು. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನಾನು ಬರೆದಿದ್ದು ಇಷ್ಟು: "ಊರಿಗೆ ನಡೆದು ಹೊರಟವರ ಕಾಲಲ್ಲಿ ರಕ್ತ ಸೋರ್ತಿದೆ. ಇವರಿಗೆ ಕೊಬ್ಬು ಕರಗಿಸೋಕೆ ಪಾರ್ಕು ಬೇಕಂತೆ!"

ಆಗಿನ ದಿನಗಳನ್ನ ನೆನಪು ಮಾಡ್ಕೊಳ್ಳಿ. ಮಾರ್ಚ್ 25ರಿಂದ 21 ದಿನ ಲಾಕ್‌ಡೌನ್ ಅಂತ ಹಿಂದಿನ ರಾತ್ರಿ ಘೋಷಣೆ ಆಯ್ತು. ಕೇಂದ್ರದ ಆದೇಶದಲ್ಲಿ ರೇಷನ್ ಅಂಗಡಿ, ದಿನಸಿ, ಹಾಲು, ತರಕಾರಿ, ಔಷಧಿ, ಬ್ಯಾಂಕ್, ಪೆಟ್ರೋಲ್ ಬಂಕ್ ಅಂತ ವಿನಾಯಿತಿಯ ಪಟ್ಟಿ ಇತ್ತು. ಆರೋಗ್ಯಕ್ಕೆ ನಡೆಯೋದು, ಓಡೋದು ಅಂತ ಒಂದು ಪದವೂ ಇರಲಿಲ್ಲ. ಬ್ರಿಟನ್ನಿನಲ್ಲಿ ಮಾರ್ಚ್ 23ರಂದು ಲಾಕ್‌ಡೌನ್ ಹೇಳುವಾಗಲೇ ದಿನಕ್ಕೆ ಒಂದು ಸಲ ವ್ಯಾಯಾಮಕ್ಕೆ ಹೊರಗೆ ಹೋಗಬಹುದು ಅಂದಿದ್ದರು. ಫ್ರಾನ್ಸಿನಲ್ಲಿ ಮನೆಯಿಂದ ಒಂದು ಕಿಲೋಮೀಟರು, ಒಂದು ಗಂಟೆ, ಕೈಯಲ್ಲಿ ಚೀಟಿ. ನಮ್ಮಲ್ಲಿ ಅದರ ಮಾತೇ ಇಲ್ಲ. ಪಾರ್ಕಿಗೆ ಬೀಗ, ರಸ್ತೆಯಲ್ಲಿ ಲಾಠಿ. ತಾರಸಿ ಮೇಲೆ ನಡೀರಿ, ಮನೆಯೊಳಗೇ ಯೋಗ ಮಾಡಿ ಅಂತ ಟಿವಿಯಲ್ಲಿ ಬುದ್ಧಿಮಾತು.

ವಾಕಿಂಗ್ ಅಭ್ಯಾಸ ಇದ್ದವರು ಸಿಟ್ಟಾದರು. ಬೈಪಾಸ್ ಆದವರು, ಸಕ್ಕರೆ ಕಾಯಿಲೆಯವರು ಎಲ್ಲಿ ನಡೀಬೇಕು ಅಂತ ಕೇಳೋಕೆ ಶುರು ಮಾಡಿದರು. ನಮ್ಮ ಕಾಲೊನಿ ಪಕ್ಕದ ಲೇಔಟಿನಲ್ಲೂ ಪಾರ್ಕ್ ತೆಗೆಸೋಕೆ ಸಹಿ ಸಂಗ್ರಹ ನಡೀತು. ಆ ಮನವಿಯ ಫೋಟೋ ನನ್ನ ಮೊಬೈಲಿಗೂ ಬಂತು. ಅದನ್ನ ನೋಡಿಯೇ ನಾನು ಆ ಪೋಸ್ಟ್ ಹಾಕಿದ್ದು.

ನನ್ನ ಸಿಟ್ಟಿಗೂ ಕಾರಣ ಇತ್ತು. ಆ ದಿನ ಸಂಘದ ಹುಡುಗರ ಜೊತೆ ರೇಷನ್ ಕಿಟ್ ಹಂಚಿ ಬಂದಿದ್ದೆ. ಬೆಂಗಳೂರಿನಿಂದ ಸಿಂಧನೂರಿನ ಕಡೆಗೆ ನಡೆದು ಹೊರಟ ಕಟ್ಟಡ ಕೆಲಸದ ಹೆಣ್ಣುಮಗಳೊಬ್ಬಳು ಬಳ್ಳಾರಿಯಲ್ಲಿ ಪ್ರಾಣ ಬಿಟ್ಟ ಸುದ್ದಿ ಮನಸ್ಸಿಂದ ಹೋಗಿರಲಿಲ್ಲ. ನಡಿಗೆ ಅಂದ್ರೆ ನನ್ನ ಕಣ್ಣ ಮುಂದೆ ಅದೇ ಬರ್ತಿತ್ತು. ಅಂಥ ಹೊತ್ತಲ್ಲಿ ಟ್ರ್ಯಾಕ್ ಪ್ಯಾಂಟಿನವರ ದುಃಖ ನನಗೆ ದುಃಖ ಅಂತಲೇ ಅನ್ನಿಸಲಿಲ್ಲ.

ಆದರೆ ಆ ಪೋಸ್ಟ್ ಟೈಪ್ ಮಾಡ್ತಾ ನಾನು ಕೂತಿದ್ದ ಮನೆಯಲ್ಲೇ, ನಾಲ್ಕು ಮೊಳ ದೂರದಲ್ಲಿ, ನನ್ನ ಅವ್ವ ಕಾಲು ಊದಿಸಿಕೊಂಡು ಕೂತಿದ್ದಳು.

ಅವ್ವನಿಗೆ ಆಗ 61 ವರ್ಷ. ಮಳವಳ್ಳಿ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದವಳು, 22 ವರ್ಷ ರಸ್ತೆ ಗುಡಿಸಿದಳು. ಮಂಡಿ ಸೋತಮೇಲೆ ಬಿಟ್ಟಳು. ಒಂಬತ್ತು ವರ್ಷದಿಂದ ಶುಗರ್. ನಮ್ಮದು ಎರಡು ಕೋಣೆಯ ಶೀಟ್ ಮನೆ, ಐದು ಜನ. ತಾರಸಿ ಅನ್ನೋದು ನಮಗಿಲ್ಲ. ಲಾಕ್‌ಡೌನಿಗೆ ಮೊದಲು ಸಂಜೆ ಹೊತ್ತು ಎರಡು ಬೀದಿ ಆಚೆ ತನ್ನ ಓರಗೆಯವರ ಹತ್ತಿರ ಹೋಗಿ ಕೂತು ಬರ್ತಿದ್ದಳು. ಅದೂ ನಿಂತಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿದಾಗ ಶುಗರ್ 300 ದಾಟಿತ್ತು. ಡಾಕ್ಟರಮ್ಮ ಮಾತ್ರೆ ಜಾಸ್ತಿ ಮಾಡಿ, "ದಿನಾ ಅರ್ಧ ಗಂಟೆ ನಡೀಲೇಬೇಕಮ್ಮ" ಅಂದರು.

ಎಲ್ಲಿ ನಡೀಬೇಕು? ಶುಗರ್, ಬಿಪಿ ಇದ್ದವರು ಮನೆ ಬಿಟ್ಟು ಬರಬಾರದು ಅಂತ ಸರ್ಕಾರ ಹೇಳ್ತಿತ್ತು. ಅದೇ ಶುಗರ್‌ಗೆ ನಡಿಗೆಯೇ ಮದ್ದು ಅಂತ ಡಾಕ್ಟರು ಹೇಳ್ತಿದ್ರು. ಎರಡೂ ಅವಳ ಒಳ್ಳೇದಕ್ಕೇ. ನಾನು ಬುದ್ಧಿವಂತನ ಹಾಗೆ, "ಬೆಳಗಿನ ಜಾವ ಐದೂವರೆಗೆ ಹೋಗಿ ಬಾರವ್ವ, ಯಾರೂ ಇರಲ್ಲ" ಅಂದೆ.

ಅವ್ವ ಹೋಗ್ತಿದ್ದಳು. ನಾನು ಮಲಗಿರ್ತಿದ್ದೆ. ಕಾಲಿನ ಊತ ಇಳೀತಾ ಬಂತು. ಸರಿ ಹೋಯ್ತು ಅಂದ್ಕೊಂಡೆ.

ಮೇ ಮೊದಲ ವಾರ ನನಗೆ ಆಫೀಸಿನಲ್ಲಿ ಸರದಿ ಡ್ಯೂಟಿ ಬಿತ್ತು. ಬಸ್ಸಿಲ್ಲ, ಗೆಳೆಯನೊಬ್ಬನ ಗಾಡಿಗೆ ಕಾಯೋಕೆ ಬೇಗ ಎದ್ದು ಮೇನ್ ರೋಡಿಗೆ ಬಂದೆ. ಎದುರಿಗೆ ಅವ್ವ ಬರ್ತಿದ್ದಾಳೆ. ಕೈಯಲ್ಲಿ ಉದ್ದನೆ ಕಡ್ಡಿ ಪೊರಕೆ.

ನನಗೆ ರೇಗಿ ಹೋಯ್ತು. ಯಾರೋ ರಜೆ ಹಾಕಿದವರ ಬದಲಿಗೆ ಕದ್ದು ಕೆಲಸಕ್ಕೆ ಹೋಗ್ತಿದ್ದಾಳೆ ಅಂದ್ಕೊಂಡು ರಸ್ತೇಲೇ ಕೂಗಾಡಿದೆ. "ನಾನು ಸತ್ತಿದ್ದೀನಾ? ಈ ಕಾಯಿಲೇಲಿ ಮತ್ತೆ ಪೊರಕೆ ಯಾಕೆ ಹಿಡಿದೆ?"

ಅವ್ವ ನಕ್ಕಳು. "ಗುಡ್ಸಕ್ಕಲ್ಲ ಕಣ್ಲಾ. ಇದಿದ್ರೆ ಯಾರೂ ಕೇಳಾಕಿಲ್ಲ."

ಆಮೇಲೆ ಹೇಳಿದಳು. ಮೊದಲ ದಿನ ಬರಿಗೈಲಿ ಹೋಗಿದ್ದಾಳೆ. ಸರ್ಕಲ್ ಹತ್ತಿರ ಪೊಲೀಸಿನವರು ನಿಲ್ಲಿಸಿ ಎಲ್ಲಿಗೆ ಅಂದಿದ್ದಾರೆ. "ವಾಕಿಂಗು ಸ್ವಾಮಿ, ಡಾಕ್ಟ್ರು ಹೇಳವ್ರೆ" ಅಂದಿದ್ದಾಳೆ. ಆತ ಅವಳ ಸೀರೆ, ಸವೆದ ಚಪ್ಪಲಿ ನೋಡಿ ನಕ್ಕು, "ನಿಮ್ಗೂ ವಾಕಿಂಗಾ?" ಅಂದು ಲಾಠಿ ನೆಲಕ್ಕೆ ಬಡಿದಿದ್ದಾನೆ. ಅವ್ವ ವಾಪಸ್ ಬಂದಳು. ಮಾರನೇ ದಿನ ಮನೆ ಹಿಂದೆ ಸಿಕ್ಕಿಸಿಟ್ಟಿದ್ದ ಹಳೇ ಪೊರಕೆ ತಗೊಂಡು ಹೊರಟಳು. ಅದೇ ಸರ್ಕಲ್. ಯಾರೂ ತಲೆ ಎತ್ತಿಯೂ ನೋಡಲಿಲ್ಲ. ಎರಡು ವಾರಕ್ಕೂ ಮೇಲೆ ಹಾಗೇ ನಡೆದಿದ್ದಾಳೆ. ಯಾರಾದರೂ ದಿಟ್ಟಿಸಿ ನೋಡಿದರೆ ನಾಲ್ಕು ಎಲೆ ಗುಡಿಸಿದ ಹಾಗೆ ಮಾಡೋದು, ಮುಂದಕ್ಕೆ ಹೋಗೋದು.

ಅವಳಿಗೆ ಇದೊಂದು ಉಪಾಯ, ಅಷ್ಟೇ. ಗೆದ್ದೆ ಅನ್ನೋ ಖುಷಿ ಮುಖದಲ್ಲಿತ್ತು. ನನಗೆ ಮಾತು ಹೊರಡಲಿಲ್ಲ.

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಪೇಶ್ವೆಗಳ ಪುಣೆಯ ಬಗ್ಗೆ ಬರೆದಿರೋದು ನಿಮಗೆಲ್ಲ ಗೊತ್ತು. ಅಸ್ಪೃಶ್ಯರು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು, ತಾವು ತುಳಿದ ಧೂಳನ್ನ ತಾವೇ ಗುಡಿಸ್ತಾ ನಡೀಬೇಕಿತ್ತು. ಎಷ್ಟು ಸಭೆಗಳಲ್ಲಿ ಮೈಕ್ ಹಿಡಿದು ಈ ಮಾತು ಹೇಳಿದ್ದೀನೋ ಲೆಕ್ಕವಿಲ್ಲ. 1924ರಲ್ಲಿ ವೈಕಂನಲ್ಲಿ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯೋ ಹಕ್ಕಿಗೇ ಸತ್ಯಾಗ್ರಹ ಮಾಡಬೇಕಾಯ್ತು ಅಂತಲೂ ಹೇಳಿದ್ದೀನಿ. 2020ರ ಬೆಂಗಳೂರಿನಲ್ಲಿ ನನ್ನ ಹೆತ್ತವ್ವ ತನ್ನ ಕಾಲು ಉಳಿಸಿಕೊಳ್ಳೋಕೆ ಪೊರಕೆ ಹಿಡಿದು ನಡೀತಿದ್ದಳು. ನಾನು ಅದೇ ಮನೇಲಿ ಕೂತು, ವಾಕಿಂಗ್ ಅಂದ್ರೆ ಕೊಬ್ಬು ಅಂತ ಬರೆದು ಲೈಕ್ ಎಣಿಸ್ತಿದ್ದೆ.

ಇಲ್ಲೊಂದು ವಿಷಯ ಗಮನಿಸಿ. ಆ ಪೊಲೀಸಿನವನು ಅಂದ "ನಿಮ್ಗೂ ವಾಕಿಂಗಾ" ಅನ್ನೋ ಮಾತಿಗೂ ನನ್ನ ಪೋಸ್ಟಿಗೂ ಏನು ವ್ಯತ್ಯಾಸ? ವಾಕಿಂಗ್ ಅನ್ನೋದು ಅವರದ್ದು, ನಮ್ಮದಲ್ಲ ಅಂತ ಇಬ್ಬರೂ ಒಪ್ಪಿಕೊಂಡಿದ್ವಿ. ನಮ್ಮವರು ನಡೆದರೆ ಅದು ಕೆಲಸಕ್ಕೆ, ನೀರಿಗೆ, ಇಲ್ಲಾ ಊರು ಬಿಟ್ಟು ಹೋಗೋಕೆ. ಸುಮ್ಮನೆ, ತನ್ನ ದೇಹಕ್ಕೋಸ್ಕರ ನಮ್ಮ ಹೆಂಗಸೊಬ್ಬಳು ನಡೀಬಹುದು ಅಂತ ನನ್ನ ತಲೆಗೂ ಬಂದಿರಲಿಲ್ಲ.

ಮೇ 19ರಿಂದ ಪಾರ್ಕುಗಳು ತೆರೆದವು, ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7. ಅವ್ವನ್ನ ಕರ್ಕೊಂಡು ಹೋದೆ, ಪೊರಕೆ ಮನೇಲಿ ಬಿಟ್ಟು. ಗೇಟಿಗೆ ಬೋರ್ಡು: "ಲೇಔಟ್ ನಿವಾಸಿಗಳಿಗೆ ಮಾತ್ರ". ಕಾವಲಿಗೆ ನಿಂತ ಹುಡುಗ ನಮ್ಮ ಕಾಲೊನಿಯವನೇ. "ಅಣ್ಣ, ನಂಗೆ ಹೇಳಿರೋದು ಹೀಗೆ, ಕೆಲಸ ಹೋಗುತ್ತೆ" ಅಂದ. ಅವನ ಮೇಲೆ ಜಗಳ ಆಡಿ ಏನು ಪ್ರಯೋಜನ? ಅಸೋಸಿಯೇಷನ್‌ನವರ ಹತ್ತಿರ ಹೋದೆ.

ಕಾರ್ಯದರ್ಶಿ ಕೆಟ್ಟ ಮಾತೇನೂ ಆಡಲಿಲ್ಲ. "ನಿಮ್ಮಲ್ಲಿ ಮನೆಗಳು ಒತ್ತೊತ್ತಾಗಿವೆ, ಒಂದು ಕೇಸ್ ಬಂದ್ರೆ ಎಲ್ಲರಿಗೂ ಬರುತ್ತೆ. ನಮ್ಮಲ್ಲಿ ವಯಸ್ಸಾದವರು ಜಾಸ್ತಿ. ಸೋಷಿಯಲ್ ಡಿಸ್ಟೆನ್ಸ್ ಮುಖ್ಯ" ಅಂದರು. ಅವರ ಹೆದರಿಕೆ ಸುಳ್ಳಲ್ಲ, ಅದು ಎಲ್ಲರಿಗೂ ಇತ್ತು. ಆದರೆ ನಮ್ಮ ಮನೆಗಳು ಒತ್ತೊತ್ತಾಗಿರೋದೇ ಕಾರಣ ಆದ್ರೆ ಬಯಲು ಮೊದಲು ಯಾರಿಗೆ ಬೇಕು ಸ್ವಾಮಿ? ಹತ್ತಡಿ ಕೋಣೆಯವರಿಗೋ, ಮನೆ ಸುತ್ತ ಕೈತೋಟ ಇರೋರಿಗೋ? ಅಂತರ ಅನ್ನೋ ಪದದ ಬಗ್ಗೆಯೂ ಹೇಳಿದೆ. ಮಾರ್ಚ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆಯವರು 'ಸಾಮಾಜಿಕ' ಬೇಡ, 'ದೈಹಿಕ' ಅಂತರ ಅನ್ನೋಣ ಅಂದಿದ್ದರು. ಸಾಮಾಜಿಕ ಅಂತರ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂದೆ. ಅವರು ಸುಮ್ಮನಾದರು, ಬೋರ್ಡು ತೆಗೀತೀವಿ ಅನ್ನಲಿಲ್ಲ.

ಅಲ್ಲೇ ಕೂತಿದ್ದ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, "ಪಾರ್ಕು ಕಾರ್ಪೊರೇಷನ್‌ದು ಕಣ್ರೀ, ನಮ್ಮ ಅಪ್ಪನ ಮನೇದಲ್ಲ" ಅಂದರು. ಅವರಿಗೆ ಬೈಪಾಸ್ ಆಗಿತ್ತು. ಪಾರ್ಕ್ ತೆಗೆಸಿ ಅಂತ ಸಹಿ ಸಂಗ್ರಹಿಸಿದ್ದವರು ಅವರೇ. ಅಂದ್ರೆ, ನಾನು ಗೇಲಿ ಮಾಡಿದ್ದು ಅವರನ್ನೇ. ಅವತ್ತು ಅವರಿಗೆ ಅದನ್ನ ಹೇಳೋ ಧೈರ್ಯ ನನಗೆ ಬರಲಿಲ್ಲ.

ಗುಮಾಸ್ತನಿಗೆ ಬರೋ ವಿದ್ಯೆ ಒಂದೇ, ಅರ್ಜಿ. ಸಾರ್ವಜನಿಕ ಉದ್ಯಾನಕ್ಕೆ ನಿವಾಸಿಗಳಿಗೆ ಮಾತ್ರ ಅಂತ ಬೋರ್ಡ್ ಹಾಕೋಕೆ ಯಾವ ಆದೇಶ, ಯಾವ ದಿನಾಂಕ, ಪ್ರತಿ ಕೊಡಿ ಅಂತ ಬರೆದೆ. ಕಾಲೊನಿಯ 43 ಜನ ಸಹಿ, ಹೆಬ್ಬೆಟ್ಟು ಹಾಕಿದರು. ಮೇಷ್ಟ್ರೂ ಹಾಕಿದರು. ವಾರ್ಡ್ ಆಫೀಸಿನಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸ್ಕೊಂಡೆ. ಎಂಟು ದಿನ ಆದ್ಮೇಲೆ ಬೋರ್ಡು ಇರಲಿಲ್ಲ. ಯಾರು ತೆಗೆದರು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸಂಘದೊಳಗೇ ಇದಕ್ಕೆ ಜಗಳ ಆಯ್ತು. ಸಂಗಾತಿಯೊಬ್ಬರು, "ಜನ ಹಸಿದಿದ್ದಾರೆ, ವಲಸೆ ಕಾರ್ಮಿಕರ ರೈಲು ರದ್ದು ಮಾಡಿದ ಸರ್ಕಾರ ಇದು, ನೀವು ಪಾರ್ಕಿನ ಗೇಟು ಹಿಡ್ಕೊಂಡು ಕೂತಿದ್ದೀರಿ" ಅಂದರು. ಅವರ ಮಾತಲ್ಲಿ ನಿಜ ಇತ್ತು. ಆ ತಿಂಗಳು ಅಕ್ಕಿ ಮೊದಲು, ರೈಲು ಮೊದಲು. ಆದ್ರೆ ಬಡವರಿಗೆ ಬೇಕಿರೋದು ಅಕ್ಕಿ ಮಾತ್ರ ಅಂತ ನಾವೇ ಅಂದ್ಬಿಟ್ರೆ ಮಿಕ್ಕಿದ್ದೆಲ್ಲ ತಾನಾಗೇ ಬೇರೆಯವರ ಪಾಲಾಗುತ್ತೆ. ಗಾಳಿ, ಮರದ ನೆರಳು, ಬೆಂಚು, ಅರ್ಧ ಗಂಟೆ ಬಿಡುವು, ಇವೆಲ್ಲ ಹೋರಾಟದ ಪಟ್ಟಿಯಲ್ಲಿ ಯಾಕಿರಬಾರದು? ಅವರೂ ನಾನೂ ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಜೊತೇಲಿ ಟೀ ಕುಡೀತೀವಿ.

ಬೋರ್ಡು ಹೋದಮೇಲೆ ಅವ್ವ ಪಾರ್ಕಿನೊಳಗೆ ಕಾಲಿಟ್ಟ ಮೊದಲ ದಿನ ನಾನೂ ಇದ್ದೆ. ಖಾಲಿ ಕೈ ಏನು ಮಾಡಬೇಕು ಅಂತ ಅವಳಿಗೆ ತಿಳೀಲಿಲ್ಲ. ಸೆರಗು ಹಿಡ್ಕೊಂಡಳು, ಬಿಟ್ಟಳು. ಹತ್ತು ಹೆಜ್ಜೆ ಹೋಗೋದ್ರೊಳಗೆ ದಾರೀಲಿ ಬಿದ್ದಿದ್ದ ಬಿಸ್ಕತ್ ಕವರ್ ಎತ್ತೋಕೆ ಬಗ್ಗಿದಳು. "ಬಿಡವ್ವ" ಅಂದೆ. "ಅಭ್ಯಾಸ ಕಣಪ್ಪ" ಅಂದು ಎತ್ತಿ ಡಬ್ಬಕ್ಕೆ ಹಾಕೇ ಮುಂದೆ ಹೋದಳು. ಬೇಲಿಯಾಚೆ ಅವಳ ಜೊತೆ ಕೆಲಸ ಮಾಡಿದ ಹೆಂಗಸರು ರಸ್ತೆ ಗುಡಿಸ್ತಿದ್ರು. ಒಬ್ಬಳು ಕೂಗಿದಳು, "ಏನಕ್ಕ, ಸಾಹುಕಾರ್ತಿ ಆಗ್ಬುಟ್ಟೆ!" ಅವ್ವ ಕೂಗಿ ಹೇಳಿದಳು, "ನೀವೂ ಬನ್ರೇ."

ಅವರು ಹೇಗೆ ಬರೋಕಾಗುತ್ತೆ? ಪಾರ್ಕು ತೆರೆಯೋದು 7ಕ್ಕೆ, ಅವರ ಹಾಜರಾತಿ ಆರೂವರೆಗೆ. ಸಂಜೆ 5ರಿಂದ 7 ಅಂದ್ರೆ ನೀರು ಹಿಡಿಯೋದು, ಒಲೆ ಹಚ್ಚೋದು. ಬೋರ್ಡು ತೆಗೆಸಿದ್ವಿ, ಗಡಿಯಾರ ಉಳಿದೇ ಇತ್ತು. ಮರುವರ್ಷ ಎರಡನೇ ಅಲೆ ತಗ್ಗಿ, ಜೂನ್ 14ರಿಂದ ಬೆಂಗಳೂರಿನ ಪಾರ್ಕುಗಳನ್ನ ನಡಿಗೆಗೆ ಅಂತ ಬೆಳಿಗ್ಗೆ 5ರಿಂದ 10ರವರೆಗೆ ತೆರೆದರು. 2024ರಲ್ಲಿ ಬಿಬಿಎಂಪಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಅಂತ ಆದೇಶ ಮಾಡಿತು. ಮಧ್ಯಾಹ್ನ ಕೆಲಸ ಮುಗಿಸಿ ಬರೋ ಪೌರಕಾರ್ಮಿಕ ಹೆಂಗಸರು ಒಂದು ಮರದ ಕೆಳಗೆ ಕೂತು ಊಟ ಮಾಡೋಕಾಗೋದು ಹಾಗೆ ತೆರೆದಿದ್ರೆ ಮಾತ್ರ. ನಿಮ್ಮ ಏರಿಯಾದ ಪಾರ್ಕು ಮಧ್ಯಾಹ್ನ ಎರಡು ಗಂಟೆಗೆ ತೆರೆದಿರುತ್ತಾ ಅಂತ ಒಮ್ಮೆ ಹೋಗಿ ನೋಡಿ. ಬೀಗ ಇದ್ರೆ ಫೋಟೋ ತೆಗೆದು ನನಗೆ ಕಳಿಸಿ. ಅರ್ಜಿ ನಾನು ಬರೆದುಕೊಡ್ತೀನಿ.

ಹಳೇ ಪೋಸ್ಟ್ ಡಿಲೀಟ್ ಮಾಡಲ್ಲ. ಕೆಳಗೆ ಈ ಬರಹದ ಲಿಂಕ್ ಹಾಕ್ತೀನಿ, ಎರಡನ್ನೂ ಓದಿ. ಮೇಷ್ಟ್ರಿಗೂ ಇವತ್ತು ಸಂಜೆ ನಾನೇ ಹೋಗಿ ತೋರಿಸ್ತೀನಿ.

ಅವ್ವ ಈಗಲೂ ಐದೂವರೆಗೆ ಹೊರಡ್ತಾಳೆ. ಪೊರಕೆ ಮನೆ ಹಿಂದೆ ಹಾಗೇ ಇದೆ. ಎಸೆಯೋಣ ಅಂದ್ರೆ ಬಿಡಲ್ಲ, "ಇರ್ಲಿ ಬಿಡ್ಲಾ, ಇನ್ನೊಂದ್ ಕಾಯ್ಲೆ ಬಂದ್ರೆ ಬೇಕಾಯ್ತದೆ" ಅಂತಾಳೆ.

ಅದು ಬೇಕಾಗದ ಹಾಗೆ ಮಾಡೋದು ನಮ್ಮ ಕೆಲಸ.

ಜೈ ಭೀಮ್.