ನಾಲ್ಕು ಚಕ್ರ, ಮೂರು ನೆಲ

ಕಾರ್ಕಳದಿಂದಾಚೆ, ಘಟ್ಟದ ಬುಡದಲ್ಲಿರುವ ನಮ್ಮ ಮನೆಗೆ ಮಳೆಗಾಲದಲ್ಲಿ ಬರುವವರು ಎರಡೇ ಬಗೆಯವರು: ತೀರಾ ಬೇಕಾದವರು, ಇಲ್ಲವೇ ದಾರಿ ತಪ್ಪಿದವರು. ಡಾಮರು ಮುಗಿದ ಮೇಲೆ ಒಂದು ತೋಡು, ಅದಕ್ಕೊಂದು ತಗ್ಗಿನ ಮೋರಿ. ಅದನ್ನು ದಾಟಿದರೆ ಕೆಂಪು ಮಣ್ಣಿನ ಏರು. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಅಮ್ಮನನ್ನು ತಿಂಗಳಿಗೊಮ್ಮೆ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದಾಗ, ಅಡಿಕೆ ಮೂಟೆಗೂ ಆಯಿತು, ಅಮ್ಮನಿಗೂ ಆಯಿತು ಎಂದು ಎರಡು ಸಾಲು ಸೀಟಿನ ಸೆಕೆಂಡ್ ಹ್ಯಾಂಡ್ ಪಿಕಪ್ ಒಂದನ್ನು ಕೊಂಡೆ. ಗೇರಿನ ಪಕ್ಕದಲ್ಲಿ ಇನ್ನೊಂದು ಕುಳ್ಳ ಲೀವರು. ಫೋರ್ ವೀಲ್ ಡ್ರೈವ್!

ಮಣಿಪಾಲದಲ್ಲಿ ಓದುತ್ತಿರುವ ಮಗಳಿಗೆ ಆಗಷ್ಟೇ ಲೈಸೆನ್ಸ್ ಸಿಕ್ಕಿತ್ತು. ನನ್ನದು ಮೂವತ್ತು ವರ್ಷ ಹಳೆಯದು. ಆದರೆ ಆ ಕುಳ್ಳ ಲೀವರಿನ ಮುಂದೆ ಇಬ್ಬರೂ ಒಂದನೇ ಕ್ಲಾಸು.

ಮೊದಲ ಪಾಠ ಮಣಿಪಾಲದಲ್ಲೇ ಆಯಿತು, ಅದೂ ತಪ್ಪು ಪಾಠ. ಮುರಕಲ್ಲಿನ ಈ ಗುಡ್ಡದ ಮೇಲೆ 1953ರಲ್ಲಿ ಡಾ. ಟಿ.ಎಂ.ಎ. ಪೈಗಳು ವೈದ್ಯಕೀಯ ಕಾಲೇಜು ತೆರೆದರು. ಈಗ ಅಲ್ಲಿ ಎಲ್ಲೆಲ್ಲೂ ನುಣುಪಾದ ರಸ್ತೆ. ಒಣ ಡಾಮರಿನಲ್ಲಿ ನಾನು ಗತ್ತಿನಿಂದ ಲೀವರು ಎಳೆದೆ. ಮೊದಲ ತಿರುವಿನಲ್ಲೇ ಸ್ಟೇರಿಂಗು ಕಲ್ಲಾಯಿತು. ಚಕ್ರಗಳು ಕುಪ್ಪಳಿಸಿದವು, ಅಡಿಯಿಂದ ಕಟಕಟ ಸದ್ದು. ಹೆದರಿ ಲೀವರು ಹಿಂದಕ್ಕೆ ಹಾಕಿ, ಮೆಲ್ಲಗೆ ಗುಡ್ಡ ಇಳಿದು ಉಡುಪಿಯ ಗ್ಯಾರೇಜು ಸೇರಿದೆವು.

“ಮಾಸ್ಟ್ರೇ, ಡಾಮರಿನಲ್ಲಿ ಅದನ್ನು ಯಾಕೆ ಹಾಕಿದ್ದು ಮಾರಾಯ್ರೇ?” ಅಲ್ಲಿಯ ಹಿರಿಯ ಮೆಕ್ಯಾನಿಕ್ ನಕ್ಕರು. 1947ರಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪು ಜೋಡಿಸತೊಡಗಿದರಲ್ಲ, ಅಂಥ ಹಳೆಯ ಜೀಪುಗಳನ್ನು ಬಿಚ್ಚಿ ಕಟ್ಟಿ ಕಲಿತ ಕೈ ಅವರದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಕಮಾನು ಬರೆದು ತೋರಿಸಿದರು. ತಿರುವಿನಲ್ಲಿ ಮುಂದಿನ ಚಕ್ರಗಳದು ದೊಡ್ಡ ಸುತ್ತು, ಹಿಂದಿನವುಗಳದು ಸಣ್ಣದು. ನಮ್ಮಂಥ ಗಾಡಿಯಲ್ಲಿ ಫೋರ್ ವೀಲ್ ಹಾಕಿದೊಡನೆ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆ ಮುಂದಿನ ಮತ್ತು ಹಿಂದಿನ ಶಾಫ್ಟುಗಳನ್ನು ಒಂದೇ ವೇಗಕ್ಕೆ ಬಿಗಿಯುತ್ತದೆ. ಕೆಸರಿನಲ್ಲಾದರೆ ಚಕ್ರ ತುಸು ಜಾರಿ ಆ ವ್ಯತ್ಯಾಸ ಸರಿಯಾಗುತ್ತದೆ. ಡಾಮರು ಜಾರಲು ಬಿಡುವುದಿಲ್ಲ. ಬಿಗಿತವೆಲ್ಲ ಗೇರಿನ ಹಲ್ಲಿಗೆ.

“ಇನ್ನೊಂದು ನೆನಪಿಡಿ,” ಎಂದರು, ಮಗಳ ಕಡೆ ತಿರುಗಿ. “ಇದು ಹೊರಡಲಿಕ್ಕೆ ಮಾತ್ರ, ನಿಲ್ಲಿಸಲಿಕ್ಕೆ ಅಲ್ಲ. ಬ್ರೇಕು ಎಲ್ಲ ಗಾಡಿಗೂ ನಾಲ್ಕು ಚಕ್ರಕ್ಕೇ ಇರುವುದು.”

ಎರಡನೇ ಪಾಠ ಕಾಪುವಿನಲ್ಲಿ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭ ನೋಡಲು ಜನ ಸೇರುವ ಕಡಲತೀರಕ್ಕೆ ಗಾಡಿ ಇಳಿಸುವುದು ತಪ್ಪು. ನಾವು ಹೋದದ್ದು ನೆಂಟರ ತೆಂಗಿನ ತೋಟಕ್ಕೆ. ಅಲ್ಲಿಯೂ ಹೊಯಿಗೆಗೆ ಬರವಿಲ್ಲ. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಅದು ಅಗಲವಾಗಿ ನೆಲಕ್ಕೊರಗುತ್ತದೆ, ಹೂತುಹೋಗುವುದಿಲ್ಲ. ಹೊಯಿಗೆಗೆ ಇಳಿಯುವ ಮೊದಲೇ ಲೀವರು ಹಾಕಬೇಕು. ಆಮೇಲೆ ಒಂದೇ ಹದದಲ್ಲಿ ಸಾಗಬೇಕು. ನಾನು ನಡುವೆ ನಿಂತೆ. ಹೊರಡಲೆಂದು ಎಕ್ಸಲರೇಟರ್ ಒತ್ತಿದೆ. ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು! ಕೊನೆಗೆ ಕೈಯಲ್ಲಿ ಹೊಯಿಗೆ ಬಗೆದು, ಚಕ್ರದಡಿಗೆ ತೆಂಗಿನ ಮಡಲು ಕೊಟ್ಟ ಮೇಲೆ ಗಾಡಿ ಎದ್ದಿತು. ರಸ್ತೆಗಿಳಿಯುವ ಮೊದಲು ಗಾಳಿ ತುಂಬಿಸಲು ಮಗಳೇ ನೆನಪಿಸಿದಳು. ಗಾಳಿ ಕಡಿಮೆಯಿರುವ ಟೈರು ಹೆದ್ದಾರಿಯಲ್ಲಿ ಅಪಾಯ.

ಮೂರನೆಯದು ಕಾರ್ಕಳದ ಜೇಡಿಮಣ್ಣು. ಪೇಟೆಯ ಬಂಡೆಗುಡ್ಡದ ಮೇಲೆ 42 ಅಡಿಯ ಗೊಮ್ಮಟನನ್ನು ವೀರಪಾಂಡ್ಯ ಅರಸ ನಿಲ್ಲಿಸಿದ್ದು 1432ರಲ್ಲಿ. ಮೂರ್ತಿಯನ್ನು ಉಕ್ಕಿನ ಚಕ್ರದ ಇಪ್ಪತ್ತು ಬಂಡಿಗಳ ಮೇಲಿಟ್ಟು, ಸಾವಿರಾರು ಜನ ಎಳೆದು ಏರಿಸಿದರೆಂದು ಪ್ರತೀತಿ. ಅಂಥ ಭಾರ ಒಮ್ಮೆಗೇ ಜಿಗಿದು ಏರಿರಲಾರದು, ಅಂಗುಲ ಅಂಗುಲವಾಗಿಯೇ ಏರಿರಬೇಕು. ನಮ್ಮ ಲೀವರಿನ 4 ಎಲ್ ಎಂಬ ಸ್ಥಾನದ ಮರ್ಮವೂ ಇದೇ: ವೇಗ ಬಿಟ್ಟುಕೊಡು, ಎಳೆತ ಪಡೆದುಕೋ. ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತಂದು ಇದನ್ನು ಹಾಕಬೇಕು. ನಮ್ಮ ಮನೆಯ ಏರನ್ನು ಮಗಳು ಇದರಲ್ಲೇ ಹತ್ತಿದಳು. ಇಳಿಯುವಾಗ ಒಂದನೇ ಗೇರಿನಲ್ಲಿಟ್ಟಳು. ಗಾಡಿಯನ್ನು ಇಂಜಿನ್ನೇ ತಡೆದು ಹಿಡಿಯಿತು. ಜಾರುಮಣ್ಣಿನಲ್ಲಿ ಬ್ರೇಕು ಜೋರಾಗಿ ಒತ್ತಿದ್ದರೆ ಚಕ್ರ ನಿಂತು, ಗಾಡಿ ಮಾತ್ರ ಇಳಿಯುತ್ತಿತ್ತು.

ಪರೀಕ್ಷೆ ಬಂದದ್ದು ಆಟಿಯ ಒಂದು ಸಂಜೆ. ಆಸ್ಪತ್ರೆಯಿಂದ ಮರಳುತ್ತಿದ್ದೆವು. ಮಗಳು ಸ್ಟೇರಿಂಗಿನಲ್ಲಿ, ಅಮ್ಮ ಹಿಂದಿನ ಸೀಟಿನಲ್ಲಿ. ತೋಡಿನ ನೀರು ಮೋರಿಯ ಮೇಲೆ ಕೆಂಪಗೆ ಹರಿಯುತ್ತಿತ್ತು. ಆಚೆ ನಮ್ಮ ಮನೆಯ ದೀಪ ಕಾಣುತ್ತಿತ್ತು.

“4 ಎಲ್ ಹಾಕು, ಮೆಲ್ಲಗೆ ಹೋಗುತ್ತದೆ,” ಎಂದೆ.

ಅವಳು ಇಂಜಿನ್ ನಿಲ್ಲಿಸಿದಳು. “ಇಲ್ಲ ಅಪ್ಪ. ಹರಿಯುವ ನೀರು ಗಾಡಿಯನ್ನು ಎತ್ತುತ್ತದೆ, ಪಕ್ಕಕ್ಕೆ ತಳ್ಳುತ್ತದೆ. ಚಕ್ರಕ್ಕೆ ನೆಲವೇ ಸಿಗದಿದ್ದರೆ ನಾಲ್ಕಿದ್ದರೇನು, ಎಂಟಿದ್ದರೇನು? ಅಡಿಯಲ್ಲಿ ಮೋರಿ ಉಂಟೋ ಇಲ್ಲವೋ, ಅದೂ ಕಾಣುವುದಿಲ್ಲ.”

ನನಗೆ ಸಿಟ್ಟೇ ಬಂತು. ಇಷ್ಟು ದುಡ್ಡು ಕೊಟ್ಟು ತಂದದ್ದು ಮತ್ತೆಂತಕ್ಕೆ? ಹಿಂದಿನಿಂದ ಅಮ್ಮ ಮೆಲ್ಲಗೆ ಹೇಳಿದರು: “ಮಗು ಹೇಳಿದ ಹಾಗೆ ಮಾಡು.” ಆ ರಾತ್ರಿ ಕಾರ್ಕಳದ ತಂಗಿಯ ಮನೆಯಲ್ಲಿ ಗಂಜಿ ಉಂಡು ಮಲಗಿದೆವು.

ಬೆಳಿಗ್ಗೆ ನೀರು ಇಳಿದಿತ್ತು. ಹೋಗಿ ನೋಡಿದರೆ ಮೋರಿಯ ಆಚೆ ತುದಿಯಲ್ಲಿ, ಎಡಚಕ್ರ ಹಾಯುವ ಜಾಗದಲ್ಲಿ, ಮಣ್ಣೆಲ್ಲ ಕೊಚ್ಚಿಹೋಗಿ ಆಳುದ್ದದ ಹೊಂಡ. ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಕ್ಕಳಿಗೆ ಗಾಡಿ ಕಲಿಸುವ ಅಪ್ಪ-ಅಮ್ಮಂದಿರಲ್ಲಿ ನನ್ನದೊಂದು ಮಾತು. ಲೀವರು ಯಾವಾಗ ಹಾಕಬೇಕೆಂದು ಕಲಿಸುವುದು ಸುಲಭ. ಎಲ್ಲಿ ಹಿಂದಿರುಗಬೇಕೆಂದು ಅವರು ಕಲಿತಿದ್ದರೆ, ಪಕ್ಕದಲ್ಲಿ ಕೂತ ನಾವು ಅದನ್ನು ಕೇಳಲು ಕಲಿಯಬೇಕು. ಮೋರಿ ದುರಸ್ತಿಯಾದ ಮೇಲೆ ಅಮ್ಮನನ್ನು ಮನೆಗೆ ಕರೆತಂದವಳೂ ಮಗಳೇ. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ.