ಅಪ್ಪನ ಗಾಡಿ ಮೀಟರು

ದಂಡಿನಶಿವರದ ನಮ್ಮ ಮನೆ ಜಗಲಿ ಪಕ್ಕ ಒಂದು ಹೀರೋ ಹೋಂಡಾ ಸ್ಪ್ಲೆಂಡರ್ ನಿಂತಿರುತ್ತೆ. 2003ರ ಗಾಡಿ. ಹೀರೋ ಮತ್ತು ಹೋಂಡಾ ಬೇರೆಯಾಗಿ ಎಷ್ಟೋ ವರ್ಷವಾಯಿತು, ಅಪ್ಪನ ಟ್ಯಾಂಕಿನ ಮೇಲೆ ಮಾತ್ರ ಇಬ್ಬರೂ ಇನ್ನೂ ಒಟ್ಟಿಗೇ ಇದ್ದಾರೆ. ತೋಟಕ್ಕೆ ಗೊಬ್ಬರ ಹೊತ್ತಿದೆ, ಅಟ್ಟದಿಂದ ಇಳಿಸಿದ ಕೊಬ್ಬರಿ ಚೀಲ ಹೊತ್ತಿದೆ, ನನ್ನನ್ನು ಕಾಲೇಜಿನ ಬಸ್ಸಿಗೆ ಬಿಟ್ಟಿದೆ.

ಈ ಸಲ ಊರಿಗೆ ಹೋದಾಗ ಅಂಗಡಿಗೆ ಹೋಗೋಣ ಅಂತ ಗಾಡಿ ತೆಗೆದೆ. ಮೂರನೇ ಗೇರಿಗೆ ಬಂದರೂ ಸ್ಪೀಡೋಮೀಟರ್ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ.

‘ಅಪ್ಪಾ, ಮೀಟರು ಓಡ್ತಿಲ್ಲವಲ್ಲ?’

‘ಹಳೇ ಗಾಡಿ ಕಣಪ್ಪ. ಅದಕ್ಕೂ ವಯಸ್ಸಾಯ್ತು. ಬಿಡು.’

ಬಿಡೋಕಾಗಲಿಲ್ಲ. ಅದಕ್ಕೊಂದು ಕಾರಣವಿತ್ತು. ಹೋದ ವರ್ಷ ಕೆರೆ ಏರಿ ಮೇಲೆ ಜಾರಿ ಬಿದ್ದು ಅಪ್ಪ ಎಡಗೈ ಮೂಳೆ ಮುರಿದುಕೊಂಡಿದ್ದ. ವಯಸ್ಸು 74. ಕಣ್ಣಿನ ಆಪರೇಷನ್ ಬೇರೆ ಆಗಿದೆ. ಆಮೇಲೆ ಮನೆಯಲ್ಲಿ ಒಂದು ಒಪ್ಪಂದವಾಯಿತು: ಗಾಡಿ ಏನಿದ್ದರೂ ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ. ಅಪ್ಪ ಹೂಂ ಅಂದಿದ್ದ. ನಾನು ಬೆಂಗಳೂರಿಗೆ ಹೊರಡುವ ಮುಂಚೆ ಪ್ರತಿ ಸಲ ಮೀಟರಿನ ಕಿಲೋಮೀಟರು ನೋಡಿ ಮೊಬೈಲಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಮೀಟರು ನಿಂತರೆ ನನ್ನ ಕಾವಲೂ ನಿಂತ ಹಾಗೆ.

ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಸ್ಪ್ಯಾನರ್ ಹಿಡಿದು ಕೂತೆ. ಮೆಕ್ಯಾನಿಕ್ ಅಲ್ಲದಿದ್ದರೂ ಹಳೇ ಗಾಡಿ ಇರೋ ಮನೆಯ ಮಕ್ಕಳು ಅರ್ಧ ಮೆಕ್ಯಾನಿಕ್ ಆಗಿರುತ್ತಾರೆ.

ಈ ಹಳೇ ಮೀಟರಿನ ಕೆಲಸ ಸರಳ. ಮುಂದಿನ ಚಕ್ರದ ಹಬ್ಬಿನಲ್ಲಿ ಒಂದು ಪುಟ್ಟ ಗೇರ್ ಇರುತ್ತೆ. ಚಕ್ರದ ಜೊತೆ ಅದೂ ತಿರುಗಿ, ಕಪ್ಪು ಕೊಳವೆಯೊಳಗಿನ ತಂತಿಯನ್ನು ತಿರುಗಿಸುತ್ತೆ. ತಂತಿಯ ತುದಿ ಚೌಕ, ಮೀಟರಿನ ಚೌಕ ತೂತಿಗೆ ಕೂರುತ್ತೆ. ಮೀಟರಿನೊಳಗೆ ತಂತಿ ಒಂದು ಆಯಸ್ಕಾಂತವನ್ನು ತಿರುಗಿಸುತ್ತೆ. ಆಯಸ್ಕಾಂತಕ್ಕೂ ಮುಳ್ಳಿಗೂ ಮುಟ್ಟಾಟವಿಲ್ಲ. ನಡುವೆ ಅಲ್ಯೂಮಿನಿಯಂ ಬಟ್ಟಲೊಂದಿದೆ. ಆಯಸ್ಕಾಂತ ತಿರುಗಿದಾಗ ಬಟ್ಟಲಲ್ಲಿ ಸುಳಿ ವಿದ್ಯುತ್ ಹುಟ್ಟಿ, ಅದೂ ಜೊತೆಗೆ ತಿರುಗಲು ನೋಡುತ್ತೆ. ಕೂದಲೆಳೆಯಂಥ ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆಯುತ್ತೆ. ಈ ಎಳೆದಾಟ ಎಲ್ಲಿ ಸಮವಾಗುತ್ತೋ ಅಲ್ಲಿ ಮುಳ್ಳು ನಿಲ್ಲುತ್ತೆ. ಜರ್ಮನಿಯ ಓಟ್ಟೋ ಶುಲ್ಟ್ಸೆ ಎಂಬಾತ 1902ರಲ್ಲೇ ಇದಕ್ಕೆ ಪೇಟೆಂಟ್ ಮಾಡಿಸಿದ್ದ. ಕಿಲೋಮೀಟರಿನ ಅಂಕಿಗಳದ್ದು ಬೇರೆ ದಾರಿ. ಅವು ಅದೇ ತಂತಿಯಿಂದ ನೇರವಾಗಿ ಹಲ್ಲುಚಕ್ರದಲ್ಲಿ ಓಡುತ್ತವೆ.

ಹಾಗಾಗಿ ಮೊದಲು ನೋಡಬೇಕಾದ್ದು ಏನು ನಿಂತಿದೆ ಅಂತ. ಅಂಕಿ ಓಡುತ್ತಾ ಮುಳ್ಳು ಮಾತ್ರ ನಿಂತಿದ್ದರೆ ಕಾಯಿಲೆ ಮೀಟರಿನೊಳಗೆ. ಮುಳ್ಳು ನಡುಗುತ್ತಿದ್ದರೆ ಕೇಬಲ್ಲಿಗೆ ಗ್ರೀಸ್ ಒಣಗಿದೆ, ಇಲ್ಲವೇ ಎಲ್ಲೋ ಮಡಚಿಕೊಂಡಿದೆ. ಎರಡೂ ಒಟ್ಟಿಗೆ ನಿಂತಿದ್ದರೆ ಮೀಟರನ್ನು ಬೈಯಬಾರದು. ಕೇಬಲ್ ತುಂಡಾಗಿರಬೇಕು, ಇಲ್ಲ ಕೆಳಗಿನ ಗೇರ್ ಸವೆದಿರಬೇಕು. ನಮ್ಮದರಲ್ಲಿ ಎರಡೂ ನಿಂತಿದ್ದವು.

ಮೀಟರಿನ ಕೆಳಗಿನ ತಿರುಪು ಬಿಚ್ಚಿ ಕೇಬಲ್ಲಿನ ಮೇಲ್ತುದಿ ಹೊರಗೆ ತೆಗೆದೆ. ಗಾಡಿ ದೊಡ್ಡ ಸ್ಟ್ಯಾಂಡಿನ ಮೇಲಿತ್ತು. ಪಕ್ಕದ ಮನೆ ಹುಡುಗನನ್ನು ಕ್ಯಾರಿಯರ್ ಮೇಲೆ ಕೂರಿಸಿದೆ, ಮುಂದಿನ ಚಕ್ರ ಮೇಲೆದ್ದಿತು. ಚಕ್ರ ತಿರುಗಿಸಿದೆ. ಒಳಗಿನ ತಂತಿ ಅಲ್ಲಾಡಲಿಲ್ಲ. ಮೇಲಿನ ತುದಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿದೆ. ಅದು ಸಲೀಸಾಗಿ, ಬೆಣ್ಣೆಯಲ್ಲಿ ಓಡಾಡಿದ ಹಾಗೆ ತಿರುಗಿತು. ‘ತುಂಡಾಗಿದೆ’ ಅಂತ ತೀರ್ಪು ಕೊಟ್ಟೆ.

ಅಪ್ಪ ಜಗಲಿ ಮೇಲೆ ಕೂತು ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಅಟ್ಟದಲ್ಲಿ ವರ್ಷದ ಹತ್ತಿರ ಇದ್ದ ಕಾಯಿ ಒಳಗೇ ಒಣಗಿ, ಚಿಪ್ಪು ಬಿಟ್ಟು, ಗಡಗಡ ಅನ್ನಬೇಕು. ಆಗ ಉಂಡೆ ಕೊಬ್ಬರಿ ಆಯಿತು ಅಂತ ಲೆಕ್ಕ. ಒಡೆಯದೆ ಒಳಗಿನದು ಹೇಳೋದು ಅವನಿಗೆ ಚೆನ್ನಾಗಿ ಗೊತ್ತು. ನನ್ನ ಕಡೆ ಮಾತ್ರ ಒಂದು ಸಲವೂ ತಿರುಗಿ ನೋಡಲಿಲ್ಲ.

ತಂತಿಯನ್ನು ಮೇಲಿನಿಂದಲೇ ಎಳೆದೆ. ತುಂಡಾಗಿದ್ದರೆ ಅರ್ಧ ಬರಬೇಕು. ಪೂರ್ತಿ ಬಂತು! ಎರಡೂ ತುದಿ ಚೌಕ, ಒಂದೆಳೆಯೂ ಬಿಟ್ಟಿಲ್ಲ. ಹಾಗಾದರೆ ಗೇರು. ಪಂಕ್ಚರ್ ಹಾಕುವಾಗ ಚಕ್ರ ಬಿಚ್ಚಿ ಕೂರಿಸುವವರು ಆ ಗೇರಿನ ಕಿವಿಗಳನ್ನು ಹಬ್ಬಿನ ಕಚ್ಚಿಗೆ ಸರಿಯಾಗಿ ಕೂರಿಸದಿದ್ದರೆ ಬಗ್ಗಿಹೋಗುತ್ತವೆ. ಪಂಕ್ಚರಿನವನನ್ನು ಮನಸ್ಸಿನಲ್ಲೇ ಬೈಯುತ್ತಾ ಚಕ್ರದ ಹತ್ತಿರ ಬಗ್ಗಿದೆ.

ಕೇಬಲ್ ಹಬ್ಬಿಗೆ ಸೇರುವ ಕಡೆ ಸ್ಕ್ರೂ ಇರಲಿಲ್ಲ. ಕೇಬಲ್ಲನ್ನು ಎರಡು ಇಂಚು ಹೊರಗೆ ಎಳೆದು, ತುದಿಗೆ ಪ್ಲಾಸ್ಟಿಕ್ ಸುತ್ತಿ, ತೆಂಗಿನ ನಾರಿನ ಹುರಿಯಲ್ಲಿ ಫೋರ್ಕಿಗೆ ಕಟ್ಟಿತ್ತು. ಹಬ್ಬಿನ ತೂತಿಗೂ ಮಣ್ಣು ನೀರು ಹೋಗದ ಹಾಗೆ ಗ್ರೀಸ್ ಬಳಿದ ಬಟ್ಟೆ ತುರುಕಿತ್ತು. ಅಷ್ಟು ನೀಟಾಗಿ ಗಾಡಿ ಕೆಡಿಸುವವರು ನಮ್ಮ ಮನೆಯಲ್ಲಿ ಒಬ್ಬರೇ. ಆ ಗಂಟು ನನಗೆ ಗೊತ್ತಿತ್ತು. ಕಾಯಿ ಜೊತೆ ಕಟ್ಟೋದಕ್ಕೆ ಅಪ್ಪ ಹಾಕುವ ಗಂಟು.

ಮೊಬೈಲ್ ತೆಗೆದು ನೋಡಿದೆ. ಹೋದ ಸಲ ಬರೆದದ್ದು 71,862. ಮೀಟರಲ್ಲೂ 71,862. ಆ ಸಲ ಎರಡು ತಿಂಗಳಿಗೆ 922 ಕಿಲೋಮೀಟರ್ ಓಡಿದ್ದು ಕಂಡು, ‘ತೋಟಕ್ಕೆ ಹೋಗಿ ಬರೋಕೆ ಇಷ್ಟಾಗುತ್ತಾ?’ ಅಂತ ಅಮ್ಮನ ಎದುರಿಗೇ ಕೇಳಿದ್ದೆ. ಮೀಟರು ಅವತ್ತೇ ನಿಂತಿದೆ.

ಸ್ಪ್ಯಾನರ್ ಇಟ್ಟು ಜಗಲಿಗೆ ಬಂದು ಕೂತೆ. ‘ಎಲ್ಲಿಗೆ ಹೋಗ್ತಿದ್ದೆ?’

ಅಪ್ಪ ಇನ್ನೊಂದು ಕಾಯಿ ಅಲ್ಲಾಡಿಸಿ, ‘ಇದು ಇನ್ನೂ ಹಸಿ’ ಅಂತ ಆಚೆಗಿಟ್ಟ. ಆಮೇಲೆ ಹೇಳಿದ. ‘ತಿಪಟೂರಿಗೆ. ಕೊಬ್ಬರಿ ಹರಾಜಿನ ದಿನ.’

‘ಮಾರೋಕೆ ನಮ್ಮದು ಕೊಬ್ಬರಿನೇ ಇರಲಿಲ್ಲವಲ್ಲ. ರೇಟು ಬೇಕಾದರೆ ಫೋನಲ್ಲೇ ಬರುತ್ತೆ.’

‘ರೇಟು ಬರುತ್ತೆ ಕಣಪ್ಪ. ಜನ ಬರಲ್ಲ.’

ನನಗೆ ಉತ್ತರ ಹೊಳೆಯಲಿಲ್ಲ. ನಲವತ್ತು ವರ್ಷ ಆ ಯಾರ್ಡಿಗೆ ಹೋದವನು. ಅಲ್ಲಿ ಯಾವ ತೋಟಕ್ಕೆ ನುಸಿ ಬಿತ್ತು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರು ಹೋಗಿಬಿಟ್ಟರು ಎಲ್ಲ ಸಿಗುತ್ತಿತ್ತು. ಮನೆಯಲ್ಲಿ ಸಿಗುತ್ತಿದ್ದದ್ದು ಟಿವಿ ಮತ್ತು ತಿಂಗಳಿಗೊಮ್ಮೆ ಬಂದು ಮೀಟರ್ ನೋಡುವ ಮಗ.

‘ಬಸ್ಸಲ್ಲಿ ಹೋಗಬಹುದಲ್ಲ?’

‘ಹೋಗಬಹುದು. ಬರೋದು ಬಸ್ಸಿನವನು ಹೇಳಿದಾಗ.’

ನನಗೂ ಸಿಟ್ಟಿತ್ತು. ‘ಬಿದ್ದಿದ್ದರೆ? ನಾವು ತೋಟದಲ್ಲಿ ಹುಡುಕುತ್ತಾ ಇರ್ತಿದ್ದೆವು. ನೀನು ಇನ್ನೆಲ್ಲೋ ರಸ್ತೆ ಪಕ್ಕ ಬಿದ್ದಿರುತ್ತಿದ್ದೆ’ ಅಂದೆ. ಆ ಮಾತು ಅವನಿಗೆ ತಾಗಿತು. ಕೈಯಲ್ಲಿದ್ದ ಕಾಯಿ ಕೆಳಗಿಟ್ಟ. ಒಳಗಿಂದ ಅಮ್ಮ, ‘ನಂಗೂ ತೋಟ ಅಂತಲೇ ಹೇಳಿದ್ದು’ ಅಂದಳು.

ಮಧ್ಯಾಹ್ನ ಊಟವಾದ ಮೇಲೆ ಅಪ್ಪನೇ ಒಳಗಿನಿಂದ ಬೆಂಕಿಪೊಟ್ಟಣ ತಂದುಕೊಟ್ಟ. ಅದರಲ್ಲಿ ಆ ಸ್ಕ್ರೂ ಇತ್ತು. ತಂತಿಗೆ ತೆಳ್ಳಗೆ ಗ್ರೀಸ್ ಹಚ್ಚಿದೆ. ಮೀಟರಿನ ಕಡೆಯ ತುದಿಗೆ ಹಚ್ಚಲಿಲ್ಲ, ಹಚ್ಚಿದರೆ ಗ್ರೀಸ್ ಮೀಟರಿನೊಳಕ್ಕೆ ಏರುತ್ತೆ. ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಚೌಕ ತುದಿ ಗೇರಿಗೆ ಕೂರುವವರೆಗೂ ಒತ್ತಿ ಸ್ಕ್ರೂ ಬಿಗಿದೆ. ಅಪ್ಪ ಒಂದು ಸುತ್ತು ಹೋಗಿ ಬಂದ. ‘ನಲವತ್ತು ತೋರಿಸ್ತು’ ಅಂದ. ಅಷ್ಟು ಜೋರಾಗಿ ಯಾಕೆ ಹೋದೆ ಅಂತ ಕೇಳಬೇಕೆನಿಸಿತು, ಸುಮ್ಮನಿದ್ದೆ.

ಹೊಸ ಒಪ್ಪಂದವಾಗಿದೆ. ತಿಪಟೂರಿಗೆ ಹೋಗಬಹುದು: ಹೆಲ್ಮೆಟ್ ಹಾಕಿ, ಬೆಳಕಿರುವಾಗಲೇ ವಾಪಸ್ಸು, ಹೊರಡುವಾಗ ಅಮ್ಮನಿಗೆ ನಿಜ ಹೇಳಿ. ಕಣ್ಣಿನ ಡಾಕ್ಟರು ಬೇಡ ಅಂದ ದಿನ ಗಾಡಿ ನಿಲ್ಲಬೇಕು. ನಾನು ಮೊಬೈಲಿನ ಅಂಕಿಗಳನ್ನು ಅವನೆದುರಿಗೇ ಅಳಿಸಿದೆ. ಇದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಹರಾಜಿನ ದಿನ ಸಂಜೆ ಫೋನ್ ಬರುವವರೆಗೂ ಎದೆ ಹೊಡೆದುಕೊಳ್ಳುತ್ತಲೇ ಇರುತ್ತೆ.

ಮೊನ್ನೆ ಆರು ಗಂಟೆಗೆ ಫೋನ್ ಬಂತು. ಕೊಬ್ಬರಿ ರೇಟು ಹೇಳಿದ, ಅಲ್ಲಿ ಸಿಕ್ಕವರ ಹೆಸರೆಲ್ಲ ಹೇಳಿದ. ಇಡುವ ಮುಂಚೆ, ‘ಮೀಟರು ಎಪ್ಪತ್ತೆರಡು ಸಾವಿರ ದಾಟ್ತು ಕಣಪ್ಪ, ಬರೆದುಕೋತೀಯೇನು?’ ಅಂತ ನಕ್ಕ.